ತಿರುವಿನಲ್ಲಿ ಗಾಡಿ ಯಾಕೆ ಮಾತು ಕೇಳುವುದಿಲ್ಲ?

ನೇರ ರಸ್ತೆಯಲ್ಲಿ ಎಲ್ಲ ಬೈಕೂ ಒಳ್ಳೆಯ ಬೈಕೇ. ಚಿತ್ರದುರ್ಗದ ಬೆಟ್ಟಸಾಲನ್ನು ಬೆನ್ನಿಗೆ ಬಿಟ್ಟು ತುರುವನೂರಿನ ಕಡೆ ಹೊರಟರೆ ಅಕ್ಕಪಕ್ಕ ಎರೆ ಹೊಲ. ಮುಂಗಾರಿನಲ್ಲಿ ಈರುಳ್ಳಿ, ಹತ್ತಿ, ಹಿಂಗಾರಿನಲ್ಲಿ ಕಡಲೆ. ಇಂಥ ಬಯಲಿನಲ್ಲಿ ಹತ್ತು ವರ್ಷ ಹಳೆಯ ನೂರು ಸಿಸಿ ಗಾಡಿಯೂ ಅರವತ್ತರ ವೇಗದಲ್ಲಿ ತಕರಾರಿಲ್ಲದೆ ಓಡುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಿದೆಯೇ, ಹಿಂದಿನ ಶಾಕ್ ಕುಸಿದಿದೆಯೇ, ಹ್ಯಾಂಡಲ್ಲಿನ ಕೋನ್‌ಸೆಟ್ ಸವೆದಿದೆಯೇ, ಒಂದೂ ತಿಳಿಯುವುದಿಲ್ಲ. ತಿಳಿಯುವುದು ತಿರುವಿನಲ್ಲಿ, ಅದೂ ತಡವಾಗಿ.

ಬಯಲುಸೀಮೆಯ ತಿರುವು ಘಾಟಿಯ ತಿರುವಿನಂಥದ್ದಲ್ಲ. ಆಗುಂಬೆಗೋ ಚಾರ್ಮಾಡಿಗೋ ಹೋಗುವವನು ಮೊದಲ ತಿರುವಿನಲ್ಲೇ ಎಚ್ಚರಗೊಳ್ಳುತ್ತಾನೆ. ಮುಂದೆ ಇಂಥವೇ ಸಾಲುಸಾಲು ಇವೆಯೆಂದು ಅವನಿಗೆ ಗೊತ್ತು. ನಮ್ಮ ರಸ್ತೆ ಹಾಗೆ ಸುಳಿವು ಕೊಡುವುದಿಲ್ಲ. ಮೂರು ಕಿಲೋಮೀಟರ್ ಗೆರೆ ಎಳೆದಂತೆ ಓಡಿ, ಯಾರದೋ ಹೊಲದ ಬದು ಬಂದ ಕೂಡಲೇ ಮೊಣಕೈ ಮಡಚಿದ ಹಾಗೆ ಹೊರಳುತ್ತದೆ. ಕೆರೆ ಏರಿ ಹತ್ತುವಲ್ಲಿ ಒಂದು ತಿರುವು, ಕೋಡಿ ದಾಟಿ ಇಳಿಯುವಲ್ಲಿ ಇನ್ನೊಂದು. ಹಳೆಯ ಬಂಡಿ ಜಾಡಿನ ಮೇಲೆಯೇ ಡಾಂಬರು ಬಿದ್ದಿರುವುದು ಇದಕ್ಕೆ ಕಾರಣ. ಎತ್ತಿನ ಬಂಡಿಗೆ ಅದು ತಿರುವೇ ಆಗಿರಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಯಾವ ಊರಿನ ಬೈಕ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ನಮ್ಮ ಹುಡುಗರ ದುಡ್ಡು ಎಲ್ಲಿಗೆ ಹೋಗುತ್ತದೆಂದು ಕಾಣುತ್ತದೆ: ಅಗಲ ಟೈರು, ಸದ್ದಿನ ಸೈಲೆನ್ಸರು, ಎಲ್‌ಇಡಿ ದೀಪ, ಸ್ಟಿಕರು. ಇವುಗಳಲ್ಲಿ ಒಂದೂ ತಿರುವಿನಲ್ಲಿ ಗಾಡಿಗೆ ಹಿಡಿತ ಕೊಡುವುದಿಲ್ಲ. ಕೆಲವಂತೂ ಇದ್ದ ಹಿಡಿತವನ್ನೂ ಕಳೆಯುತ್ತವೆ. ಹಿಡಿತ ಕೊಡುವ ಕೆಲಸಗಳು ನೋಡುವವರ ಕಣ್ಣಿಗೆ ಬೀಳುವಂಥವಲ್ಲ, ಹೆಚ್ಚು ದುಡ್ಡಿನವೂ ಅಲ್ಲ. ಅವೆಲ್ಲ ತಿರುವು ಬರುವ ಮೊದಲೇ ಮುಗಿದಿರಬೇಕಾದವು. ತಿರುವಿನೊಳಗೆ ಹೊಕ್ಕ ಮೇಲೆ ಸವಾರನ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

ವಾಲುವ ಲೆಕ್ಕ

ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದರೆ ಬೈಕು ಒಳಕ್ಕೆ ವಾಲುತ್ತದೆ. ವಾಲದಿದ್ದರೆ ತಿರುಗುವುದೇ ಇಲ್ಲ. ಎಷ್ಟು ವಾಲಬೇಕೆಂದು ಹೇಳುವುದು ಮುಖ್ಯವಾಗಿ ಎರಡು: ಗಾಡಿಯ ವೇಗ ಮತ್ತು ತಿರುವು ಎಷ್ಟು ಕಿರಿದು ಎನ್ನುವುದು. 50 ಮೀಟರ್ ತ್ರಿಜ್ಯದ ತಿರುವೊಂದಿದೆ ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದನ್ನು ದಾಟಲು ಸುಮಾರು 14 ಡಿಗ್ರಿ ವಾಲಿದರೆ ಸಾಕು. 60ರಲ್ಲಿ ಬಂದರೆ 30 ಡಿಗ್ರಿ ಬೇಕು. 80ರಲ್ಲಿ ಬಂದರೆ 45. ವೇಗ ಇಮ್ಮಡಿಯಾದರೆ ಟೈರು ಕೊಡಬೇಕಾದ ಹಿಡಿತ ನಾಲ್ಕು ಪಟ್ಟಾಗುತ್ತದೆ; ಎಲ್ಲ ಕಷ್ಟದ ಬೇರು ಇಲ್ಲಿದೆ. 45 ಡಿಗ್ರಿ ಎಂದರೆ ಗಾಡಿ ಮತ್ತು ಸವಾರನ ಇಡೀ ತೂಕದಷ್ಟೇ ಬಲವನ್ನು ಟೈರು ಅಡ್ಡಡ್ಡಲಾಗಿ ತಡೆದುಕೊಳ್ಳಬೇಕು. ರೇಸಿನ ಟೈರು, ರೇಸಿನ ಟ್ರ್ಯಾಕು ಇದ್ದರೆ ಅದಕ್ಕಿಂತ ಹೆಚ್ಚೂ ಸಾಧ್ಯ. ನಮ್ಮ ದಿನಬಳಕೆಯ ಗಾಡಿಯಲ್ಲಿ ಅಷ್ಟು ವಾಲುವ ಮೊದಲೇ ಫುಟ್‌ರೆಸ್ಟೋ ಸ್ಟ್ಯಾಂಡೋ ನೆಲಕ್ಕೆ ತಾಗುತ್ತದೆ.

ಅದೇ ತಿರುವಿಗೆ ರಸ್ತೆ ಕಟ್ಟುವ ಎಂಜಿನಿಯರುಗಳ ಲೆಕ್ಕ ಏನು ಹೇಳುತ್ತದೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಂತೆ ಬಯಲಿನ ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಹೆಚ್ಚೆಂದರೆ ಶೇ 7ರಷ್ಟು ಎತ್ತರಿಸಬಹುದು. ಟೈರಿನ ಅಡ್ಡ ಹಿಡಿತವನ್ನು 0.15 ಎಂದು ಹಿಡಿಯಬೇಕು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ 50 ಮೀಟರ್ ತ್ರಿಜ್ಯದ ತಿರುವಿಗೆ ಬರುವ ವೇಗ ಗಂಟೆಗೆ ಸುಮಾರು 37 ಕಿಲೋಮೀಟರ್. ತ್ರಿಜ್ಯ 100 ಮೀಟರ್ ಇದ್ದರೂ 53 ದಾಟುವುದಿಲ್ಲ. ಅರವತ್ತರಲ್ಲಿ ನುಗ್ಗುವವನು ಎಂಜಿನಿಯರ್ ಇಟ್ಟ ಮುನ್ನೆಚ್ಚರಿಕೆಯ ಅಂಚನ್ನೆಲ್ಲ ತಿಂದು ಹಾಕಿರುತ್ತಾನೆ. ಅದೂ ಹೊರ ಅಂಚನ್ನು ನಿಜವಾಗಿ ಎತ್ತರಿಸಿದ್ದರೆ! ಹಳ್ಳಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬೀಳುತ್ತಾ ಆ ಓರೆ ಕಳೆದುಹೋಗಿರುವುದೇ ಹೆಚ್ಚು. ಮಳೆನೀರು ಹರಿಯಲೆಂದು ರಸ್ತೆಯ ನಡುಭಾಗ ಎತ್ತರಿಸಿರುವಲ್ಲಿ, ಬಲ ತಿರುವಿನ ಸವಾರನ ಪಾಲಿನ ಅರ್ಧ ಹೊರಕ್ಕೇ ಇಳಿಜಾರಾಗಿರುತ್ತದೆ.

ಈ ಲೆಕ್ಕದಲ್ಲಿ ಗಾಡಿಯ ತೂಕ ಎಲ್ಲೂ ಬರಲಿಲ್ಲ ಎನ್ನುವುದನ್ನು ಗಮನಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಆ ಜಾವಾ, ಯೆಜ್ಡಿಗಳನ್ನು ಓಡಿಸಿದ ಹಿರಿಯರು ಇಂದಿಗೂ ಹೇಳುವ ಮಾತೊಂದಿದೆ: “ಅವು ತೂಕದ ಗಾಡಿ ಕಣಪ್ಪ, ತಿರುವಿನಾಗೆ ನೆಲ ಕಚ್ಚಿಕೊಂಡು ಹೋಗವು.” ಮಾತಿನಲ್ಲಿ ಅರ್ಧ ಸತ್ಯವಿದೆ. ತೂಕದ ಗಾಡಿ ಗಾಳಿಗೆ ಅಷ್ಟು ಬೇಗ ಹೊಯ್ದಾಡುವುದಿಲ್ಲ, ಸಣ್ಣ ಗುಂಡಿಗೆ ಎಗರುವುದಿಲ್ಲ. ಆದರೆ ತಿರುವಿನಲ್ಲಿ ತೂಕ ಹೆಚ್ಚಾದಂತೆ ಟೈರಿನ ಹಿಡಿತ ಹೆಚ್ಚುತ್ತದೆ, ಹೊರಕ್ಕೆ ನೂಕುವ ಬಲವೂ ಅಷ್ಟೇ ಹೆಚ್ಚುತ್ತದೆ, ಒಂದಕ್ಕೊಂದು ವಜಾ. ಒಂದೇ ವೇಗದಲ್ಲಿ ಬಂದ ಯೆಜ್ಡಿಯೂ ಟಿವಿಎಸ್ ಎಕ್ಸ್‌ಎಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಗೆ ವಾಲಬೇಕು.

ಬಲಕ್ಕೆ ಹೋಗಲು ಬಲಗೈ ಒತ್ತಿ

ಇನ್ನು ವಾಲಿಸುವುದು ಹೇಗೆ? ಹೆಚ್ಚಿನವರು ಮೈ ಓಲಿಸಿ ಎನ್ನುತ್ತಾರೆ, ಕೆಲವರು ಹ್ಯಾಂಡಲ್ ತಿರುಗಿಸಿ ಎನ್ನುತ್ತಾರೆ. ನಿಜವಾಗಿ ನಡೆಯುವುದು ಬೇರೆಯೇ. ನಡಿಗೆಯ ವೇಗ ದಾಟಿದ ಗಾಡಿಯನ್ನು ಬಲಕ್ಕೆ ವಾಲಿಸಬೇಕಾದರೆ ಹ್ಯಾಂಡಲ್ಲನ್ನು ಒಂದು ಕ್ಷಣ, ಕೂದಲೆಳೆಯಷ್ಟು, ಎಡಕ್ಕೆ ತಿರುಗಿಸಬೇಕು. ಆಗ ಚಕ್ರಗಳು ಎಡಕ್ಕೆ ಸರಿಯುತ್ತವೆ, ಮೇಲಿನ ಭಾರ ಬಲಕ್ಕೆ ಬೀಳತೊಡಗುತ್ತದೆ. ಬೀಳುವ ಭಾರವನ್ನು ಹಿಡಿಯಲು ಮುಂದಿನ ಚಕ್ರ ತಾನೇ ಬಲಕ್ಕೆ ತಿರುಗಿಕೊಳ್ಳುತ್ತದೆ. ಸವಾರನ ಕೈಗೆ ಇದು ಗೊತ್ತಾಗುವುದು ಬಲಗೈಯ ಹಿಡಿಯನ್ನು ಮುಂದಕ್ಕೆ ಮೆಲ್ಲಗೆ ಒತ್ತಿದಂತೆ. ಬಲಕ್ಕೆ ಬಲಗೈ, ಎಡಕ್ಕೆ ಎಡಗೈ. ಸೈಕಲ್ ಕಲಿತ ಪ್ರತಿಯೊಬ್ಬರ ಮೈಗೂ ಇದು ಗೊತ್ತು, ತಲೆಗೆ ಮಾತ್ರ ಗೊತ್ತಿಲ್ಲ. ವಿಮಾನಕ್ಕೆ ಮೊದಲು ಸೈಕಲ್ ತಯಾರಿಸುತ್ತಿದ್ದ ವಿಲ್ಬರ್ ರೈಟ್ ಹತ್ತಾರು ಸವಾರರನ್ನು ಕೇಳಿ ನೋಡಿದ್ದನಂತೆ, ಎಡಕ್ಕೆ ತಿರುಗುವಾಗ ಏನು ಮಾಡುತ್ತೀರಿ ಎಂದು. ಸರಿಯಾದ ಉತ್ತರ ಒಬ್ಬರಿಂದಲೂ ಬರಲಿಲ್ಲ.

ಗೊತ್ತಿಲ್ಲದಿದ್ದರೇನು, ನಡೆಯುತ್ತಿದೆಯಲ್ಲ ಎನ್ನಬಹುದು. ಹೆದರಿದಾಗ ನಡೆಯುವುದಿಲ್ಲ ಎನ್ನುವುದೇ ತೊಂದರೆ. ಬಲ ತಿರುವಿನಲ್ಲಿ ವೇಗ ಹೆಚ್ಚಾಯಿತೆಂದು ಅನ್ನಿಸಿದ ಕೂಡಲೇ ಸವಾರ ತೋಳು ಬಿಗಿ ಹಿಡಿದು ಹ್ಯಾಂಡಲ್ಲನ್ನು ಬಲಕ್ಕೆ ಎಳೆಯುತ್ತಾನೆ. ಆ ಕ್ಷಣದಲ್ಲಿ ಗಾಡಿ ನೆಟ್ಟಗಾಗಿ ಎಡಕ್ಕೆ, ಅಂದರೆ ರಸ್ತೆಯ ಹೊರಗೆ ಹೊರಡುತ್ತದೆ. ಪೊಲೀಸ್ ಮಹಜರಿನಲ್ಲಿ “ನಿಯಂತ್ರಣ ತಪ್ಪಿ” ಎಂದು ಬರೆದುಕೊಳ್ಳುವ ಎಷ್ಟೋ ಅಪಘಾತಗಳಲ್ಲಿ ತಪ್ಪಿದ್ದು ಗಾಡಿಯ ನಿಯಂತ್ರಣವಲ್ಲ, ಕೈ ಕೊಟ್ಟ ತಪ್ಪು ಆದೇಶವನ್ನು ಗಾಡಿ ಚಾಚೂ ತಪ್ಪದೆ ಪಾಲಿಸಿರುತ್ತದೆ. ಖಾಲಿ ನೇರ ರಸ್ತೆಯಲ್ಲಿ ಮೂವತ್ತು ನಲವತ್ತರ ವೇಗದಲ್ಲಿ ಒಂದೊಂದೇ ಹಿಡಿಯನ್ನು ಬೆರಳಿನಿಂದ ಒತ್ತಿ ನೋಡಿ, ಕೈಗೆ ಅರ್ಥವಾಗುತ್ತದೆ. ಮೊಣಕೈ ಸಡಿಲ ಇರಲಿ, ಮೈಭಾರ ಹ್ಯಾಂಡಲ್ಲಿನ ಮೇಲೆ ಬೀಳದಂತೆ ಮಂಡಿಗಳು ಟ್ಯಾಂಕನ್ನು ಅವುಚಿರಲಿ.

ಮುಂದಿನ ಚಕ್ರ ತಾನೇ ತಿರುಗಿಕೊಳ್ಳುತ್ತದೆ ಎಂದೆನಲ್ಲ, ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಮುಂದಿನ ಫೋರ್ಕಿನ ಓರೆ. ಆಸ್ಪತ್ರೆಯ ಸ್ಟ್ರೆಚರ್ ತಳ್ಳಿದಾಗ ಅದರ ಪುಟ್ಟ ಚಕ್ರ ತಾನಾಗಿ ಹೊರಳಿ ಹಿಂದೆ ಹಿಂದೆ ಬರುತ್ತದಲ್ಲ, ಅದೇ ತತ್ವ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸುಮಾರು ಎಂಟು ಹತ್ತು ಸೆಂಟಿಮೀಟರ್ ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಟ್ರೇಲ್ ಹೆಚ್ಚಿದ್ದರೆ ಗಾಡಿ ನೇರ ಓಡಲು ಹಟ ಮಾಡುತ್ತದೆ, ಕಡಿಮೆಯಿದ್ದರೆ ಚುರುಕಾಗಿ ಹೊರಳುತ್ತದೆ. ಅಷ್ಟರಿಂದಲೇ ಎಲ್ಲ ವಿವರಿಸಿದಂತಾಯಿತು ಎಂದೂ ಅಲ್ಲ. ಟ್ರೇಲ್ ಇಲ್ಲದೆ, ತಿರುಗುವ ಚಕ್ರದ ಗೈರೋ ಬಲವೂ ಇಲ್ಲದೆ ತಾನಾಗಿ ನಿಂತು ಓಡುವ ಸೈಕಲ್ಲೊಂದನ್ನು ಅಮೆರಿಕ ಮತ್ತು ನೆದರ್‌ಲೆಂಡ್ಸ್‌ನ ಸಂಶೋಧಕರು ಕಟ್ಟಿ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಎರಡು ಚಕ್ರದ ಗುಟ್ಟು ನಾವು ಎಣಿಸಿದಷ್ಟು ಸರಳವಲ್ಲ. ಆದರೂ ನಮ್ಮ ಮನೆಯ ಗಾಡಿಯ ಮಟ್ಟಿಗೆ ಟ್ರೇಲೇ ಯಜಮಾನ. ಅದನ್ನು ಕೆಡಿಸುವವರು ನಾವೇ, ಹಿಂದೆ ಹೇರುವ ಹೊರೆಯಿಂದ.

ಹೊರೆ

ಯೂರಿಯಾ ಚೀಲ 45 ಕೆಜಿ. ಅದನ್ನು ಹಿಂದಿನ ಸೀಟಿಗೆ ಕಟ್ಟಿ, ಅದರ ಮುಂದೆ ಒಬ್ಬರನ್ನು ಕೂರಿಸಿಕೊಂಡು ಸೊಸೈಟಿಯಿಂದ ಊರಿಗೆ ಬರುವುದು ಜೂನ್ ತಿಂಗಳ ಮಾಮೂಲು ನೋಟ. ಆಗ ಗಾಡಿಯ ಹಿಂಭಾಗ ಕುಳಿತುಕೊಳ್ಳುತ್ತದೆ, ಮುಂಭಾಗ ಎದ್ದು ನಿಲ್ಲುತ್ತದೆ. ಫೋರ್ಕಿನ ಓರೆ ಹೆಚ್ಚಿ ಟ್ರೇಲ್ ಉದ್ದವಾಗುತ್ತದೆ, ಮುಂದಿನ ಟೈರಿನ ಮೇಲೆ ಭಾರ ಕಡಿಮೆಯಾಗುತ್ತದೆ. ಫಲ: ಗಾಡಿ ತಿರುವಿನಲ್ಲಿ ಅಗಲಕ್ಕೆ, ಹೊರಗೆ ಹೊರಗೆ ಎಳೆಯುತ್ತದೆ. ನೆಲಕ್ಕೂ ಸ್ಟ್ಯಾಂಡಿಗೂ ಇದ್ದ ಅಂತರ ಕುಗ್ಗಿ ಸ್ವಲ್ಪ ವಾಲಿದರೂ ಕಬ್ಬಿಣ ಡಾಂಬರಿಗೆ ಉಜ್ಜುತ್ತದೆ. ಒಮ್ಮೆ ಕಬ್ಬಿಣ ನೆಲಕ್ಕೆ ಊರಿತೆಂದರೆ ಅದು ಟೈರನ್ನೇ ಎತ್ತಿ ಹಾಕಬಲ್ಲದು. ರಾತ್ರಿಯಾದರೆ ಹೆಡ್‌ಲೈಟ್ ರಸ್ತೆ ಬಿಟ್ಟು ಹುಣಸೆ ಮರದ ತುದಿ ತೋರಿಸುತ್ತದೆ.

ಇದಕ್ಕೊಂದು ಮದ್ದನ್ನು ಕಂಪನಿಯವರೇ ಇಟ್ಟು ಕೊಟ್ಟಿದ್ದಾರೆ. ಹಿಂದಿನ ಎರಡು ಶಾಕುಗಳ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಉಂಗುರ ಇರುತ್ತದೆ. ಟೂಲ್‌ಕಿಟ್ಟಿನ ಕೊಕ್ಕೆ ಸ್ಪ್ಯಾನರಿನಿಂದ ಅದನ್ನು ತಿರುಗಿಸಿ ಒಂದೆರಡು ಮೆಟ್ಟಿಲು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗಿ ನಿಂತು ಗಾಡಿ ಕುಳಿತುಕೊಳ್ಳುವುದು ತಗ್ಗುತ್ತದೆ. ಎರಡೂ ಕಡೆ ಒಂದೇ ಮೆಟ್ಟಿಲಿಗೆ ಇರಬೇಕು. ಹೊರೆ ಇಳಿಸಿದ ಮೇಲೆ ಮತ್ತೆ ಇಳಿಸಬೇಕು. ಇಲ್ಲವಾದರೆ ಖಾಲಿ ಗಾಡಿ ಗುಂಡಿಗುಂಡಿಗೂ ಪುಟಿದು ಹಿಂದಿನ ಟೈರು ನೆಲ ಬಿಡುತ್ತದೆ. ಗಾಡಿ ಕೊಂಡ ದಿನದಿಂದ ಮಾರುವ ದಿನದವರೆಗೆ ಆ ಉಂಗುರವನ್ನು ಒಮ್ಮೆಯೂ ಮುಟ್ಟದವರೇ ಹೆಚ್ಚು, ತುಕ್ಕು ಹಿಡಿದು ಕಚ್ಚಿಕೊಂಡಿರುವುದೂ ಉಂಟು.

ಹಾಲಿನ ಕ್ಯಾನಿನ ಕಥೆ ಇನ್ನೊಂದು ಬಗೆ. ಇಪ್ಪತ್ತು ಕೆಜಿಯ ಕ್ಯಾನನ್ನು ಬಲಗಡೆ ಮಾತ್ರ, ಗಾಡಿಯ ನಡುಗೆರೆಯಿಂದ ಒಂದೂಕಾಲು ಅಡಿ ಆಚೆ ನೇತು ಹಾಕಿದರೆ, ನೇರ ಓಡಲೂ ಗಾಡಿ ಎಡಕ್ಕೆ ಸುಮಾರು ನಾಲ್ಕು ಡಿಗ್ರಿ ವಾಲಿಕೊಂಡೇ ಇರಬೇಕಾಗುತ್ತದೆ. ಎಡ ತಿರುವು ಬಂದಾಗ ಆ ನಾಲ್ಕು ಡಿಗ್ರಿ ಮೊದಲೇ ಖರ್ಚಾಗಿರುತ್ತದೆ. ಸೀರೆ ಗಾರ್ಡು, ಸೈಡ್ ಸ್ಟ್ಯಾಂಡು, ಪಕ್ಕಕ್ಕೆ ಕೂರುವವರ ಕಾಲಿಡುವ ಪಟ್ಟಿ, ಎಲ್ಲ ಇರುವುದೂ ಎಡಗಡೆಯೇ. ಹೇರುವುದಾದರೆ ಎರಡೂ ಕಡೆ ಸಮವಾಗಿ, ಆದಷ್ಟು ಕೆಳಗೆ, ಆದಷ್ಟು ಮುಂದೆ. ಅರ್ಧ ತುಂಬಿದ ಕ್ಯಾನು ತುಂಬಿದ ಕ್ಯಾನಿಗಿಂತ ಕೆಟ್ಟದ್ದು, ಒಳಗೆ ತುಳುಕುವ ಹಾಲು ತಿರುವಿನ ನಡುವೆ ಭಾರವನ್ನು ಅತ್ತಿತ್ತ ಎಸೆಯುತ್ತದೆ. ಹಿಂದೆ ಕೂತವರಿಗೂ ಒಂದು ಮಾತು ಹೇಳಿ ಹೊರಡಿ: ತಿರುವಿನಲ್ಲಿ ಗಾಡಿ ವಾಲಿದ ಕಡೆಗೇ ವಾಲಬೇಕು. ಹೆದರಿ ಎದುರು ದಿಕ್ಕಿಗೆ ಮೈ ನೆಟ್ಟಗೆ ಮಾಡಿದರೆ ಸವಾರ ಗಾಡಿಯನ್ನು ಇನ್ನಷ್ಟು ಮಲಗಿಸಬೇಕಾಗುತ್ತದೆ.

ಗಾಳಿ, ಟೈರು, ಕೋನ್‌ಸೆಟ್ಟು

ಸಾವಿರಾರು ರೂಪಾಯಿಯ ಅಲಂಕಾರಕ್ಕಿಂತ ಹೆಚ್ಚಿನ ಲಾಭ ಕೊಡುವುದು ಟೈರಿನ ಗಾಳಿ. ಪಂಕ್ಚರ್ ಅಂಗಡಿಯಲ್ಲಿ ನಾವು “ಗಾಳಿ ಹೊಡಿಯಪ್ಪ” ಎನ್ನುತ್ತೇವೆ, ಅವನು ಹೆಬ್ಬೆರಳಿನಿಂದ ಒತ್ತಿ ನೋಡಿ “ಸಾಕು ಬಿಡಣ್ಣ” ಎನ್ನುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ನೂರು ಸಿಸಿ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ, ಒಬ್ಬರೇ ಹೋಗುವಾಗ ಹಿಂದೆ 28ರ ಆಸುಪಾಸು. ಇಬ್ಬರಾದರೆ ಹಿಂದಿನದಕ್ಕೆ ಇನ್ನೂ ಹೆಚ್ಚು ಬೇಕು. ನಿಮ್ಮ ಗಾಡಿಯ ಸರಿಯಾದ ಸಂಖ್ಯೆ ಅದರ ಪುಸ್ತಕದಲ್ಲಿದೆ, ಕೆಲವು ಗಾಡಿಗಳಲ್ಲಿ ಚೈನ್ ಕವರಿನ ಮೇಲೂ ಅಂಟಿಸಿರುತ್ತಾರೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆಗಳು ಮಡಚಿ ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ. ಹೆಚ್ಚಾದರೆ ನೆಲ ಮುಟ್ಟುವ ಜಾಗ ಕುಗ್ಗಿ, ಸಣ್ಣ ಉಬ್ಬಿಗೂ ಟೈರು ಜಾರುತ್ತದೆ. ಟೈರು ತಣ್ಣಗಿರುವಾಗಲೇ ನೋಡಬೇಕು. ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಹೆದ್ದಾರಿ ಓಡಿ ಬಂದ ಟೈರು ತೋರಿಸುವ ಸಂಖ್ಯೆಯನ್ನು ನಂಬಿ ಗಾಳಿ ಬಿಡಿಸಿದರೆ ಬೆಳಿಗ್ಗೆಗೆ ಅದು ಕಡಿಮೆಯಾಗಿರುತ್ತದೆ.

ಬಯಲುಸೀಮೆಯ ಗಾಡಿಗೆ ಮಾತ್ರ ಅಂಟಿದ ರೋಗವೊಂದಿದೆ. ನೇರ ರಸ್ತೆಯಲ್ಲೇ ಓಡಿ ಓಡಿ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆಯುತ್ತದೆ, ಅಂಚು ಹೊಸದರ ಹಾಗೇ ಉಳಿಯುತ್ತದೆ. ದುಂಡಗಿದ್ದ ಟೈರಿಗೆ ಈಗ ಮೂಲೆ ಬಂದಿದೆ. ವಾಲಿಸಲು ಹೋದರೆ ಮೊದಲು ಹಟ ಮಾಡುತ್ತದೆ, ಮೂಲೆ ದಾಟಿದ ಕೂಡಲೇ ದಡಕ್ಕನೆ ಬೀಳುತ್ತದೆ. ಅಂಚಿನಲ್ಲಿ ಗೆರೆಗಳು ಇನ್ನೂ ಚೆನ್ನಾಗಿವೆಯಲ್ಲ ಎಂದು ಇನ್ನಾರು ತಿಂಗಳು ದೂಡುವವರು ನಡುವಿನ ಗೆರೆಗಳ ತಳದಲ್ಲಿರುವ ಸಣ್ಣ ಉಬ್ಬುಗಳನ್ನು ನೋಡಬೇಕು. ರಬ್ಬರು ಆ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಟೈರಿನ ಆಯುಸ್ಸು ಮುಗಿಯಿತು. ವಯಸ್ಸೂ ಒಂದು ಲೆಕ್ಕ. ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹಳೆಯ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಗೆರೆ ಎಷ್ಟಿದ್ದರೂ ಮಳೆಯಲ್ಲಿ ಅದು ನಂಬಿಕೆಗೆ ತಕ್ಕದ್ದಲ್ಲ.

ಬಟನ್ ಟೈರಿನ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲಾರದು. ಮಳೆಗಾಲದಲ್ಲಿ ದಿನವೂ ಎರೆ ಹೊಲದೊಳಗೆ ಗಾಡಿ ಇಳಿಸುವವರಿಗೆ ಅದು ಬೇಕೇ ಬೇಕು, ಬೇರೆ ದಾರಿಯಿಲ್ಲ. ಉಳಿದವರಿಗೆ ಅದು ಬರೀ ಗತ್ತು. ಡಾಂಬರಿನ ಮೇಲೆ ಬಟನ್ನುಗಳು ಮಾತ್ರ ನೆಲ ಮುಟ್ಟುವುದರಿಂದ ರಬ್ಬರಿನ ಆಸರೆ ಕಡಿಮೆ, ವಾಲಿದಾಗ ಆ ಬಟನ್ನುಗಳು ಒಂದೊಂದೂ ಬಾಗುತ್ತವೆ. 2.75-18 ಅಳತೆಯ ಟೈರಿಗೆಂದು ಮಾಡಿದ ಕಿರಿದಾದ ರಿಮ್ಮಿಗೆ ತೀರಾ ಅಗಲದ ಟೈರು ತುರುಕುವುದೂ ಹಾಗೆಯೇ. ರಿಮ್ಮು ಟೈರನ್ನು ಎರಡೂ ಕಡೆಯಿಂದ ಹಿಂಡಿ ಅದರ ದುಂಡು ಕೆಡಿಸುತ್ತದೆ.

ಮೆಕ್ಯಾನಿಕ್ ಬಳಿ ಕೇಳಲೇಬೇಕಾದ್ದು ಕೋನ್‌ಸೆಟ್. ಹ್ಯಾಂಡಲ್ಲಿನ ಕತ್ತಿನಲ್ಲಿ ಮೇಲೊಂದು ಕೆಳಗೊಂದು ಕೂರುವ ಗುಂಡುಗಳ ಬಟ್ಟಲು ಅದು. ಗುಂಡಿಗಳ ಏಟೆಲ್ಲ ಅದಕ್ಕೇ ಬೀಳುವುದರಿಂದ ಬಟ್ಟಲಿನಲ್ಲಿ ಗುಳಿ ಬೀಳುತ್ತವೆ. ಗಾಡಿಯನ್ನು ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂದೆ ಯಾರಾದರೂ ಒತ್ತಿ ಹಿಡಿದು ಮುಂದಿನ ಚಕ್ರ ಎದ್ದಾಗ, ಹ್ಯಾಂಡಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ. ನಟ್ಟನಡುವೆ ‘ಟಿಕ್’ ಎಂದು ಕಚ್ಚಿಕೊಂಡರೆ ಕೋನ್‌ಸೆಟ್ ಹೋಗಿದೆ. ಫೋರ್ಕಿನ ಕೆಳತುದಿ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿದಾಗ ಲೊಟಲೊಟ ಎಂದರೆ ಸಡಿಲವಾಗಿದೆ. ಎರಡೂ ತಿರುವಿನಲ್ಲಿ ಕೆಟ್ಟವು. ಕಚ್ಚಿಕೊಳ್ಳುವ ಹ್ಯಾಂಡಲ್ ಚಕ್ರ ತಾನೇ ಮಾಡಿಕೊಳ್ಳಬೇಕಾದ ಕೂದಲೆಳೆ ತಿದ್ದುಪಡಿಗೆ ಅಡ್ಡ ನಿಲ್ಲುತ್ತದೆ, ಗಾಡಿ ಹಾವಿನ ಹಾಗೆ ಹರಿಯತೊಡಗುತ್ತದೆ. ಸಡಿಲವಿದ್ದರೆ ಸೆಕೆಂಡಿಗೆ ನಾಲ್ಕರಿಂದ ಹತ್ತು ಸಲ ಹ್ಯಾಂಡಲ್ ಅದುರುವ ನಡುಕ ಶುರುವಾಗಬಹುದು. ಇದರ ಜೊತೆಗೆ ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ಸ್ವಿಂಗ್ ಆರ್ಮ್ ಬುಶ್ ನೋಡಬೇಕು. ಬುಶ್ ಹೋಗಿದ್ದರೆ ತಿರುವಿನಲ್ಲಿ ಹಿಂದಿನ ಚಕ್ರ ತನ್ನದೇ ದಾರಿ ಹಿಡಿಯುತ್ತದೆ. ಚೈನ್ ಬಿಗಿ ಮಾಡಿಸಿದಾಗಲೂ ಎರಡೂ ಬದಿಯ ಗುರುತು ಸಮನಾಗಿವೆಯೇ ಎಂದು ಬಗ್ಗಿ ನೋಡಿ. ಅನುಭವಿ ಕೈಗಳು ದಾರ ಹಿಡಿದು ಎರಡೂ ಚಕ್ರ ಒಂದೇ ಗೆರೆಯಲ್ಲಿ ಇವೆಯೆಂದು ಖಾತ್ರಿ ಮಾಡಿಕೊಳ್ಳುತ್ತವೆ. ಫೋರ್ಕ್ ಆಯಿಲ್ ಬದಲಿಸಬೇಕೆನ್ನುವುದು ಇರಲಿ, ಅಲ್ಲಿ ಆಯಿಲ್ ಇದೆಯೆಂದೇ ಹಲವರಿಗೆ ತಿಳಿದಿಲ್ಲ.

ಬ್ರೇಕು ಯಾವಾಗ

ಟೈರಿನ ಹಿಡಿತಕ್ಕೆ ಮಿತಿಯಿದೆ. ಬ್ರೇಕಿಗೂ ವಾಲುವುದಕ್ಕೂ ಬಳಕೆಯಾಗುವುದು ಅದೇ ಹಿಡಿತ. ಇಡೀ ಹಿಡಿತ 100 ಎಂದಿಟ್ಟುಕೊಂಡರೆ, ತಿರುಗಲು 80 ಬಳಸುತ್ತಿರುವ ಟೈರಿಗೆ ಬ್ರೇಕಿಗಾಗಿ ಇನ್ನೂ 60 ಉಳಿದಿರುತ್ತದೆ, 20 ಅಲ್ಲ. ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಗಣಿತ ಹೀಗೆ ಸ್ವಲ್ಪ ಉದಾರಿ. ಆದರೆ 100ನ್ನೂ ತಿರುಗಲು ಬಳಸಿಬಿಟ್ಟವನಿಗೆ ಉಳಿಯುವುದು ಸೊನ್ನೆ. ಬ್ರೇಕಿನ ಕೆಲಸ ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು ಎನ್ನುವುದು ಇದಕ್ಕೇ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಮರಳು ಬಿದ್ದ ತಿರುವಿನಲ್ಲಿ, ವಾಲಿದ ಗಾಡಿಯಲ್ಲಿ ಆ ಭಯ ಸರಿಯೇ. ನೇರ ರಸ್ತೆಯಲ್ಲಿ ಅದು ತಪ್ಪು. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದಲ್ಲೇ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಕನಿಷ್ಠ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಸಿಬಿಎಸ್ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಸಾಮಾನ್ಯ ಎಬಿಎಸ್‌ಗೆ ಗಾಡಿ ಎಷ್ಟು ವಾಲಿದೆ ಎನ್ನುವುದು ಗೊತ್ತಾಗುವುದಿಲ್ಲ. ಅದನ್ನು ಅಳೆಯುವ ಬಗೆಯ ಎಬಿಎಸ್ ಸದ್ಯ ದುಬಾರಿ ಗಾಡಿಗಳ ಸೊತ್ತು.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಗಾಡಿ ಬಿಟ್ಟುಕೊಂಡು ಬರುವ ಚಾಳಿಯನ್ನು ಜೋಗಿಮಟ್ಟಿಯ ಇಳಿತದಲ್ಲೂ ಮಾರಿಕಣಿವೆಯ ಕಡೆಯೂ ಕಾಣಬಹುದು. ಒಂದು ಚಮಚ ಪೆಟ್ರೋಲ್ ಉಳಿಯುತ್ತದೇನೋ. ಎಂಜಿನ್ನಿನ ತಡೆ ಇಲ್ಲದ ಗಾಡಿ ತಿರುವಿಗೆ ಬರುವಷ್ಟರಲ್ಲಿ ವೇಗ ಏರಿಸಿಕೊಂಡಿರುತ್ತದೆ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಸರಿಯಾದ ಕ್ರಮ ಇದಕ್ಕೆ ತಿರುಗಾಮುರುಗಾ: ತಿರುವಿಗೆ ಮೊದಲು ವೇಗ ಇಳಿಸಿ, ಗೇರು ಇಳಿಸಿ, ಬ್ರೇಕ್ ಮೆಲ್ಲಗೆ ಬಿಟ್ಟು ವಾಲಿಸಿ, ತಿರುವಿನುದ್ದಕ್ಕೂ ಆಕ್ಸಿಲರೇಟರ್ ಒಂದೇ ಹದದಲ್ಲಿ ಸ್ವಲ್ಪ ತೆರೆದಿರಲಿ. ನಡುವೆ ಫಕ್ಕನೆ ಮುಚ್ಚಿದರೆ ಭಾರ ಮುಂದಕ್ಕೆ ನುಗ್ಗಿ ಮುಂದಿನ ಟೈರು ಬಳಲುತ್ತದೆ. ಕಣ್ಣು ತಿರುವು ಮುಗಿಯುವ ಕಡೆ ಇರಬೇಕು. ಗುಂಡಿಯನ್ನೇ ದಿಟ್ಟಿಸಿದವನು ಗುಂಡಿಗೇ ಹೋಗುತ್ತಾನೆ.

ಮೊಬೈಲಿನಲ್ಲಿ ರೇಸ್ ನೋಡಿ ತಿರುವನ್ನು ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಸೀಳುವ ಗೆರೆಯನ್ನು ಕಲಿತ ಹುಡುಗರಿಗೆ ಹೇಳಬೇಕಾದ್ದೊಂದಿದೆ. ರೇಸಿನ ಟ್ರ್ಯಾಕಿನಲ್ಲಿ ಎದುರಿನಿಂದ ಸೋಗೆ ಹೇರಿದ ಟ್ರ್ಯಾಕ್ಟರ್ ಬರುವುದಿಲ್ಲ. ಬಲ ತಿರುವಿನಲ್ಲಿ ನಿಮ್ಮ ಟೈರು ನಡುಗೆರೆಯ ಈಚೆಗೇ ಇದ್ದರೂ, 30 ಡಿಗ್ರಿ ವಾಲಿದ ಸವಾರನ ತಲೆ ಟೈರಿನಿಂದ ಮುಕ್ಕಾಲು ಮೀಟರಿನಷ್ಟು ಆಚೆ ಹೋಗಿರುತ್ತದೆ. ಎದುರಿನ ಬಸ್ಸಿನ ಮೂಲೆ ಇರುವುದು ಅಲ್ಲೇ. ಸಡಿಲ ನೆಲದ ಪಾಠಕ್ಕೆ ರ‍್ಯಾಲಿ ಸವಾರರನ್ನು ನೋಡಿ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಮಣ್ಣಿನ ತಿರುವಿನಲ್ಲಿ ಅಂಥವರು ಗಾಡಿಯನ್ನು ಅಡಿಗೆ ಒತ್ತಿ ತಾವು ನೆಟ್ಟಗಿರುತ್ತಾರೆ. ಗರಸು ಹರಡಿದ ಕಡೆ ನಿಧಾನವಾಗಿ ಹೋಗುವಾಗ ಅದು ನಮಗೂ ಒಗ್ಗುವ ಕ್ರಮ.

ಆಷಾಢದಲ್ಲಿ ತಿರುವಿನ ಕಷ್ಟಕ್ಕೆ ಗಾಳಿಯೂ ಸೇರುತ್ತದೆ. ದುರ್ಗದ ಸುತ್ತಲಿನ ಬೆಟ್ಟಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗುಡ್ಡದ ಮರೆ ತಪ್ಪಿದ ಕಡೆ ಪಕ್ಕದಿಂದ ಗುದ್ದುವ ಗಾಳಿಗೆ ತೋಳು ಬಿಗಿ ಮಾಡಬಾರದು, ವೇಗ ಇಳಿಸಬೇಕು. ಅಷ್ಟೇ.

ರಸ್ತೆಯ ಪಾಲು

ಸವಾರನೂ ಗಾಡಿಯೂ ಸರಿಯಿದ್ದು ರಸ್ತೆ ಕೆಟ್ಟಿದ್ದರೆ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರದವರು. ಎಲ್ಲವೂ ತಿರುವಿನ ಸಾವಲ್ಲ, ನಿಜ. ಆದರೆ ನಮ್ಮ ಜಿಲ್ಲೆಯ ತಿರುವುಗಳಿಗೆ ಇರುವ ಕೆಲವು ಕಾಯಿಲೆಗಳು ಕಣ್ಣಿಗೆ ರಾಚುವಂಥವು. ಎರೆ ಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ, ಅದರ ಮೇಲೆ ಹಾಕಿದ ಡಾಂಬರು ಅಲೆಅಲೆಯಾಗಿ ಅಂಚಿನಲ್ಲಿ ಬಿರಿಯುತ್ತದೆ. ಪಕ್ಕದ ಮಣ್ಣು ಕೊಚ್ಚಿಹೋಗಿ ರಸ್ತೆಯ ಅಂಚು ಗೇಣುದ್ದ ಕೊರಕಲಾಗಿರುತ್ತದೆ. ಬಲ ತಿರುವಿನಲ್ಲಿ ಸ್ವಲ್ಪ ಅಗಲ ಹೋದವನಿಗೆ ಆ ಗೇಣುದ್ದವೇ ಸಾಕು. ಭೀಮಸಮುದ್ರದ ಕಡೆ ಅದಿರು ಲಾರಿಗಳಿಂದ ಉದುರಿದ ಪುಡಿ ಬೇರೆ.

ಸುಗ್ಗಿಯಲ್ಲಿ ಒಕ್ಕಣೆ ಶುರುವಾಗುತ್ತದೆ. ರಾಗಿ, ನವಣೆ, ಹುರುಳಿ, ತೊಗರಿ ರಸ್ತೆಗೆ ಬಂದು ಮಲಗುತ್ತವೆ. ಟೈರಿಗೂ ಡಾಂಬರಿಗೂ ನಡುವೆ ಉರುಳುವ ಕಾಳಿಗೆ 14 ಡಿಗ್ರಿಯ ವಾಲೂ ಹೆಚ್ಚೇ. ಹುಲ್ಲಿನಡಿ ಏನಿದೆ ಕಾಣುವುದಿಲ್ಲ. ಕಾಳು ಬಾಚಿಕೊಂಡು ಹೋದ ಮೇಲೂ ಅಂಚಿಗೆ ಇಟ್ಟ ಕಲ್ಲುಗಳು ಕತ್ತಲಲ್ಲಿ ಅಲ್ಲೇ ಉಳಿಯುತ್ತವೆ. ರೈತರನ್ನು ಬೈದು ಪ್ರಯೋಜನವಿಲ್ಲ. ಸಗಣಿ ಸಾರಿಸಿ ಕಣ ಮಾಡಲು ಆಳಿಲ್ಲ, ರೋಣಗಲ್ಲು ಎಳೆಯಲು ಎತ್ತಿಲ್ಲ, ಯಂತ್ರದ ಬಾಡಿಗೆ ಸಣ್ಣ ಹಿಡುವಳಿಗೆ ಎಟುಕುವುದಿಲ್ಲ. 1939ರಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ನಡೆಸಿದ ತುರುವನೂರಿನಂಥ ಊರಿಗೆ ಒಂದು ಸಾಮೂಹಿಕ ಕಣ ಕೇಳಿ ಪಡೆಯುವುದು ದೊಡ್ಡ ಮಾತಾಗಬಾರದು.

ಅದಾಗುವವರೆಗೆ ರೈತ ಬಂಧುಗಳಲ್ಲಿ ಒಂದೇ ಬೇಡಿಕೆ: ಒಕ್ಕಣೆ ರಸ್ತೆಯಲ್ಲೇ ಆಗಬೇಕೆಂದಾದರೆ ತಿರುವನ್ನೂ ಕೆರೆ ಏರಿಯನ್ನೂ ಬಿಟ್ಟು, ಇನ್ನೂರು ಮಾರು ದೂರದಿಂದ ಕಾಣುವ ನೇರ ಜಾಗದಲ್ಲಿ ಮಾಡಿ, ಸಂಜೆ ಕಲ್ಲು ಎತ್ತಿ ಹಾಕಿ. ಸವಾರರು ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮೂರಿನ ಯಾವ ತಿರುವಿನಲ್ಲಿ ರಸ್ತೆಯಂಚಿನ ಮಣ್ಣು ಕುಸಿದಿದೆ, ಎಲ್ಲಿ ಹೊರ ಅಂಚು ತಗ್ಗಾಗಿದೆ ಎಂದು ಜಾಗದ ಗುರುತು ಸಹಿತ ಬರೆದು ಅರ್ಜಿ ಕೊಡಿ. ಲೋಕೋಪಯೋಗಿ ಇಲಾಖೆಯ ರಸ್ತೆಯಾದರೆ ಅದರ ಪ್ರತಿಯನ್ನು ಚಿತ್ರದುರ್ಗದ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.